ಕೆಳಸ್ವರದವಳು

ರೆಗುಲಾ ಅಕ್ಕ,

ನೀನು ತೀರಿಕೊಂಡ ಮೇಲೆ ಇವತ್ತೇ ಮೊದಲು ಹಾಡಲು ಹೋಗಿದ್ದೆ, ಎಮ್ಮೆಂಟಾಲ್ ಕಣಿವೆಯ ಒಂದು ಹಳ್ಳಿಗೆ. ಗಂಟಲಿನ ಆಪರೇಷನ್ ಆದಮೇಲೆ ನನಗೆ ನಮ್ಮ ಬೆಟ್ಟದ ಯೋಡೆಲ್ ಹಾಡಿನ ಮೇಲಿನ ಸ್ವರ ಹತ್ತುವುದಿಲ್ಲ. ಹಾಗಾಗಿ ಹಳೆಯ ರೆಕಾರ್ಡ್ ಹಾಕಿಸಿ, ಮೈಕಿನ ಮುಂದೆ ಬರೀ ತುಟಿ ಆಡಿಸಿದೆ. ಯಾರಿಗೂ ತಿಳಿಯಲಿಲ್ಲ. ಟಿವಿಯಲ್ಲಿ ಬರುತ್ತಿದ್ದ ಕಾಲದ ಹಾಗೇ ಚಪ್ಪಾಳೆ ತಟ್ಟಿದರು.

ಆಮೇಲೆ ಚೀಸ್ ಮಾಡುವ ಮುದುಕನೊಬ್ಬ ಹತ್ತಿರ ಬಂದ.

“ನಿನ್ನ ದನಿಗೆ ಒಂಚೂರೂ ವಯಸ್ಸಾಗಿಲ್ಲ ಕಣಮ್ಮ ಫ್ರೇನಿ. ಆದ್ರೆ ನಿನ್ನ ರೆಕಾರ್ಡಲ್ಲಿ ಕೆಳಸ್ವರದಲ್ಲಿ ಇನ್ನೊಬ್ಳು ಹಾಡ್ತಾಳಲ್ಲ, ನಂಗೆ ಮೊದಲಿಂದ್ಲೂ ಅವಳೇ ಇಷ್ಟ. ಯಾರವಳು?”

ನಿನ್ನ ಹೆಸರು ಯಾವ ರೆಕಾರ್ಡಿನ ಮೇಲೂ ಇಲ್ಲವಲ್ಲ.

“ಯಾರೋ ಸ್ಟುಡಿಯೋದವಳು,” ಅಂದೆ.

“ಸಿಕ್ರೆ ಹೇಳ್ಬಿಡು, ಬಾಳ ಚೆನ್ನಾಗಿ ಹಾಡ್ತಾಳೆ ಅಂತ.”

ಆಯ್ತು ಅಂದೆ.