ಬಾವುಟದ ಬುಡದ ಮಣ್ಣು

ಕ್ಯಾಂಪ್ ಓಣಿ, ಕೆಂಭಾವಿ
8-9-1997

ಅಕ್ಕ ಮೋನಮ್ಮನಿಗೆ ತಮ್ಮ ಅಂಬ್ರಪ್ಪನ ಜೈಭೀಮ್.

ಯಾದಗಿರಿಯಲ್ಲಿ ನೀನು, ಮಾವ, ಕೂಸು ಆರಾಮ ಇದ್ದೀರೆಂದು ತಿಳಿದಿದ್ದೇನೆ. ನೀನು ಹೋಗಿ ಒಂದೂವರೆ ವರ್ಷವಾದರೂ ಒಂದು ಕಾಗದ ಹಾಕಲಿಲ್ಲ. ಮೂರು ಸಲ ಬರೆದು ಹರಿದೆ. ಬೇಡಿಕೆಪತ್ರವಾದರೆ ಗಳಿಗೆಯಲ್ಲಿ ಬರೆಯುವವನಿಗೆ ನಿನಗೆ ಬರೆಯಲು ಕೈ ಏಳಲಿಲ್ಲ. ಅವ್ವನ ಮೊಣಕಾಲು ನೋವು ಹಾಗೇ ಇದೆ.

ನಮ್ಮ ಬಾವಿ ಕೆಟ್ಟಿದೆ ಅಕ್ಕ. ಕಾಲುವೆ ಕೆಲಸದ ಕ್ಯಾಂಪ್ ಎದ್ದುಹೋದ ಮೇಲೆ ಆ ಜಾಗ ನಮಗೇ ಬೇಕೆಂದು ಸುರಪುರದಲ್ಲಿ ಹನ್ನೊಂದು ದಿನ ಧರಣಿ ಕೂತು ಪಡೆದೆವಲ್ಲ, ಅದರ ಬಾವಿ. ಯಾರಪ್ಪಣೆಯೂ ಇಲ್ಲದೆ ನಾವೇ ಹಗ್ಗ ಇಳಿಬಿಟ್ಟ ಮೊದಲ ಬಾವಿ. ಈಗ ಕೊಡದ ಮೇಲೆ ಬಣ್ಣಬಣ್ಣದ ಪೊರೆ ನಿಲ್ಲುತ್ತದೆ. ಪಕ್ಕದ ಮನೆ ಸುಂದ್ರಮ್ಮಾಯಿ, “ರೊಟ್ಟಿ ತಿಂದ್ರ ಲಾರಿ ತಿಂದಂಗ ಆಗಾಕತ್ತದ,” ಅನ್ನುತ್ತಾಳೆ.

ಊರಿನ ದೊಡ್ಡವರೇ ಬಾವಿಗೆ ಡೀಸೆಲ್ ಸುರಿದಿದ್ದಾರೆಂದು ನಾನು ವಿಚಾರಿಸದೇ ತೀರ್ಮಾನಿಸಿದೆ. ಕರಪತ್ರ ಮಾಡಿ ಸಂತೆಯಲ್ಲಿ ಹಂಚಿದೆ. ಅದನ್ನು ಓದಿಸಿಕೊಂಡು ಫಕೀರಸಾಬ ಮನೆಗೇ ಬಂದ. ಕ್ಯಾಂಪಿನಲ್ಲಿ ಲಾರಿಗಳಿಗೆ ಡೀಸೆಲ್ ಅಳೆದು ಕೊಡುತ್ತಿದ್ದ ಮುದುಕ.

“ಯಾರೂ ಸುರುವಿಲ್ಲೋ ತಮ್ಮಾ. ಡೀಸೆಲ್ ಟಾಕಿ ನೆಲದಾಗ ಹುಗದದ. ಗುತ್ತಿಗೆದಾರ ಹಂಗೇ ಬಿಟ್ಟು ಹೋಗ್ಯಾನ. ತಳದಾಗ ಎಣ್ಣಿ ಇತ್ತು.”

“ಎಲ್ಲಿ ಅದ?”

“ಗುಡಿಸಲಾ ಹ್ವಾದ್ವು, ಗುರ್ತಿನ ಗಿಡಾ ಹ್ವಾತು. ಮಣ್ಣ ಕೇಳು, ಹೇಳ್ತದ.”

ಮಣ್ಣನ್ನೇ ಕೇಳಿದೆವು. ಬಾವಿಯಿಂದ ಏರಿನ ಕಡೆಗೆ ಹತ್ತತ್ತು ಹೆಜ್ಜೆಗೊಂದು ಗುಂಡಿ ತೋಡಿದೆವು. ಪ್ರತಿ ಗುಂಡಿಯ ಮಣ್ಣನ್ನು ಸೀಸೆಯಲ್ಲಿ ನೀರು ಹಾಕಿ ಕಲಕಿ ಇಟ್ಟೆವು. ಎರಡನೆಯದರಲ್ಲಿ ತೆಳು ಪೊರೆ. ನಾಲ್ಕನೆಯದರಲ್ಲಿ ಬೆರಳಿಗೆ ಜಿಡ್ಡು. ಆರನೆಯದರಲ್ಲಿ ಮಣ್ಣೇ ಕಪ್ಪು, ಮೂಗು ಹಿಡಿಯುವಷ್ಟು ವಾಸನೆ. ಏಳನೆಯದನ್ನು ತೋಡಲಾಗಲಿಲ್ಲ. ಅಲ್ಲಿ ನಮ್ಮ ನೀಲಿ ಬಾವುಟದ ಕಟ್ಟೆ ಇದೆ.

ಬಾವುಟ ನೆಡುವ ದಿನ ನಿನಗೆ ನೆನಪಿರಬೇಕು. ಎದೆಯೆತ್ತರದ ಕಬ್ಬಿಣದ ಪೈಪೊಂದು ನಮಗಾಗಿಯೇ ನಿಲ್ಲಿಸಿದಂತಿತ್ತು. ಅದರಲ್ಲೇ ಬಿದಿರು ಇಳಿಸಿ ಸುತ್ತ ಸಿಮೆಂಟ್ ಕಟ್ಟೆ ಕಟ್ಟಿದೆವು. ಫಕೀರಸಾಬ ಕಟ್ಟೆ ನೋಡಿ ನಕ್ಕ, ಆಮೇಲೆ ನಗಲಿಲ್ಲ.

“ಇದು ಟಾಕಿ ಉಸುರು ಬಿಡೋ ಪೈಪಪಾ. ಮಳಿನೀರು ಹೋಗಬಾರದಂತ ಮ್ಯಾಲ ಟೋಪಿ ಇತ್ತು. ತಗದವ್ರು ಯಾರು?”

ಸುತ್ತಿಗೆಯಿಂದ ಹೊಡೆದು ಟೋಪಿ ತೆಗೆದವನು ನಾನೇ. ಮೂರು ಮಳೆಗಾಲದ ನೀರು ಒಳಗೆ ಇಳಿದಿದೆ. ನೀರು ತುಂಬಿದಂತೆ ಎಣ್ಣೆ ಮೇಲೆ ತೇಲಿ, ತುಕ್ಕು ತಿಂದ ತೂತುಗಳಿಂದ ಹೊರಬಿದ್ದಿರಬೇಕು. ಅಥವಾ ಟಾಕಿ ಮೊದಲೇ ಸೋರುತ್ತಿತ್ತೋ? ಕಾಲುವೆ ನೀರು ಬಂದಾಗಿನಿಂದ ಈ ನೆಲ ಒಣಗಿದ್ದೇ ಇಲ್ಲ, ಅದೂ ಕಾರಣವೋ? ಕೇಳಿದರೆ ಮುದುಕ ಆಕಾಶಕ್ಕೆ ಕೈ ಎತ್ತುತ್ತಾನೆ. ತಪ್ಪಿನಲ್ಲಿ ಗುತ್ತಿಗೆದಾರನ ಪಾಲೆಷ್ಟು, ನನ್ನದೆಷ್ಟು ಎಂದು ನನಗೆ ಬಗೆಹರಿಯುತ್ತಿಲ್ಲ.

ಟಾಕಿ ತೆಗೆಯಬೇಕೆಂದರೆ ಕಟ್ಟೆ ಒಡೆಯಬೇಕು, ಬಾವುಟ ಇಳಿಸಬೇಕು. ಹಾರೆ ಹಿಡಿದು ಹೋದರೆ ಸುಂದ್ರಮ್ಮಾಯಿ ಕಟ್ಟೆಯ ಮೇಲೆ ಕೂತುಬಿಟ್ಟಳು.

“ಬಾವುಟಕ್ಕ ಕೈ ಹಚ್ಚೋರು ನಮ್ಮ ಹೆಣ ದಾಟಿ ಬರಬೇಕಂತ ನೀನಾ ಕಲಿಸಿದ್ದಿ. ಬಾರೋ ಲೀಡರಾ, ದಾಟು!”

ಎಲ್ಲರೂ ನಕ್ಕರು. ನನಗೆ ಹಾರೆ ಎಲ್ಲಿಡಬೇಕೆಂದೇ ತಿಳಿಯಲಿಲ್ಲ. ಟ್ರಂಕಿನಲ್ಲಿರುವ ಕಿರುಹೊತ್ತಗೆಗಳನ್ನೆಲ್ಲ ತಿರುವಿ ಹಾಕಿದೆ. ಬೇರೆಯವರ ವಿರುದ್ಧ ಹೇಗೆ ನಿಲ್ಲಬೇಕೆಂದು ಎಲ್ಲದರಲ್ಲೂ ಇದೆ. ನಾನು ಹಂಚಿದ ಕರಪತ್ರ ಸುಳ್ಳಾದರೆ ಯಾರೆದುರು ನಿಲ್ಲಬೇಕೆಂದು ಒಂದರಲ್ಲೂ ಇಲ್ಲ.

ಬರುವ ಭಾನುವಾರ ಓಣಿಯ ಸಭೆ. ಅಲ್ಲಿಯವರೆಗೆ ಹೆಂಗಸರು ಕಾಲುವೆಗೆ ಹೋಗಿ ನೀರು ತರುತ್ತಿದ್ದಾರೆ, ಆ ಕಾಲಿನಲ್ಲಿ ಅವ್ವನೂ.

ಮಾವನಿಗೆ ನಮಸ್ಕಾರ. ಕೂಸು ನೂರು ವರ್ಷ ಬಾಳಲಿ, ಅದರ ಕಾಲಕ್ಕೆ ನೀರು ತಿಳಿಯಾಗಿರಲಿ.

ನಿನ್ನ ತಮ್ಮ,
ಅಂಬ್ರಪ್ಪ

ಮ.ಸೂ.: ಇದು ಮರೆತು ಬಿಟ್ಟದ್ದಲ್ಲ. ಬಾಣಂತನಕ್ಕೆ ಬಂದಾಗ ನೀನು ತಂಬಿಗೆ ಮೂಸಿ, “ಅಂಬ್ರ್ಯಾ, ನೀರು ವಾಸನಿ ಬರಾಕತ್ತದ,” ಅಂದೆ. ಓಣಿಯವರ ಮುಂದೆಯೇ ನಾನು, “ನಮ್ಮ ನೀರಿಗಿ ಮೂಗು ಮುಚ್ಚೋರು ಊರಾಗ ಭಾಳ ಮಂದಿ ಅದಾರ, ನೀನೂ ಅವರ ಕೂಡ ಸೇರ್ಕೊಂಡಿ,” ಅಂದೆ. ನೀನು ಆ ತಂಬಿಗೆಯ ನೀರನ್ನು ಪೂರ್ತಿ ಕುಡಿದು ಕೆಳಗಿಟ್ಟೆ. ಮರುದಿನ ಕೂಸನ್ನು ಎತ್ತಿಕೊಂಡು ಹೋದವಳು ತಿರುಗಿ ಬರಲಿಲ್ಲ. ಸಭೆಯಲ್ಲಿ ಟೋಪಿಯ ಮಾತಿಗಿಂತ ಮೊದಲು ಇದನ್ನು ಹೇಳುತ್ತೇನೆ. ಆಗ ನೀನು ಎದುರಿಗಿರಬೇಕು. ಕುಡಿಯುವ ನೀರು ಅಲ್ಲಿಂದಲೇ ತಾ.