ಪಕ್ಕದ ಮನೆಯ ಮೇವಿಸ್‌ಗೆ

ಗ್ರಿಮ್ಸ್‌ಬಿ
12 ಮೇ 2013, ಭಾನುವಾರ

ಪ್ರೀತಿಯ ಕ್ಲಿಫ್‌ಗೆ,

"ಪ್ರೀತಿಯ" ಎಂದು ಬರೆದ ಮೇಲೆ ಪೆನ್ನು ಕೆಳಗಿಟ್ಟು ಒಂದು ಲೋಟ ಚಹಾ ಕುಡಿದು ಬಂದೆ. ಹನ್ನೊಂದು ವರ್ಷಗಳಲ್ಲಿ ನಿನ್ನ ವಿಷಯವಾಗಿ ನಾನು ಬರೆದದ್ದೆಂದರೆ, ನಿನ್ನ ಹೆಸರಿಗೆ ಮನೆಗೆ ಬಂದ ಲಕೋಟೆಗಳ ಮೇಲೆ "ಇಲ್ಲಿ ವಾಸವಿಲ್ಲ" ಎಂಬ ಎರಡು ಪದ ಮಾತ್ರ. ಈಗ ಬರೆದ "ಪ್ರೀತಿಯ" ಎಂಬುದನ್ನು ಹೊಡೆದು ಹಾಕೋಣವೆಂದರೆ ಒಳ್ಳೆಯ ಕಾಗದ ಹಾಳಾಗುತ್ತದೆ. ಇರಲಿ ಬಿಡು.

ಕಾಲು ಉಳಿಯಿತು. ಅದನ್ನು ಮೊದಲು ಹೇಳಿಬಿಡುತ್ತೇನೆ, ಇಲ್ಲದಿದ್ದರೆ ನೀನು ಕನ್ನಡಕ ಹುಡುಕಿಕೊಂಡು ಕೊನೆಯ ಪುಟಕ್ಕೆ ಹಾರುತ್ತೀಯ. ಶುಕ್ರವಾರ ಆಸ್ಪತ್ರೆಯಿಂದ ಮನೆಗೆ ಕಳಿಸಿದರು. ತೊಡೆಯಿಂದ ಮೊಣಕಾಲಿನ ಕೆಳಗಿನವರೆಗೂ ಹೊಲಿಗೆ ಇದೆ. ಮೂವತ್ತೆರಡು ವರ್ಷ ಮೀನು ಸೀಳಿದವಳು ಹೇಳುತ್ತಿದ್ದೇನೆ, ಆ ಡಾಕ್ಟರ ಕೈ ಒಳ್ಳೆಯ ಕೈ. ಎಡಗಾಲಿನ ಬೆರಳುಗಳು ಬೆಚ್ಚಗಿವೆ. ಎರಡು ವರ್ಷದಿಂದ ಅವು ಐಸಿನಲ್ಲಿಟ್ಟ ಹಾಗೆ ತಣ್ಣಗಿದ್ದವು. ಬೆಳಿಗ್ಗೆ ಎದ್ದೊಡನೆ ಒಂದೊಂದನ್ನೂ ಮುಟ್ಟಿ ನೋಡಿಕೊಳ್ಳುತ್ತೇನೆ.

ಈ ಕಾಲು ನಿನ್ನಿಂದ ಉಳಿಯಿತು ಕ್ಲಿಫ್. ಅದನ್ನು ಹೇಳಲೆಂದೇ ಈ ಪತ್ರ. ಆದರೆ ಕೃತಜ್ಞತೆ ಹೇಳುವ ಮೊದಲು ನಾನು ಒಪ್ಪಿಕೊಳ್ಳಬೇಕಾದ ಸಂಗತಿಗಳಿವೆ. ಮೊದಲನೆಯದು: ಆ ಇ-ಸಿಗರೇಟು ಪಕ್ಕದ ಮನೆಯ ಮೇವಿಸ್‌ಗಲ್ಲ, ನನಗೆ.

ಕಳೆದ ನವೆಂಬರಿನಲ್ಲಿ ಡಾಕ್ಟರು ನನ್ನ ಕಾಲಿನ ಚಿತ್ರ ತೋರಿಸಿ, ರಕ್ತನಾಳ ಮುಚ್ಚಿಕೊಂಡಿದೆ ಎಂದರು. ಮೂರು ತಿಂಗಳು ಒಂದೇ ಒಂದು ಸಿಗರೇಟೂ ಮುಟ್ಟದೆ ಬಂದರೆ ಹೊಸ ದಾರಿ ಹೊಲಿದುಕೊಡುತ್ತೇನೆ, ಸೇದುತ್ತಲೇ ಇದ್ದರೆ ಹೊಲಿದದ್ದೂ ಮುಚ್ಚಿಹೋಗುತ್ತದೆ, ಆಮೇಲೆ ಕಾಲನ್ನೇ ತೆಗೆಯಬೇಕಾಗುತ್ತದೆ ಎಂದರು. ನಾನು ತೋಳಿಗೆ ನಿಕೋಟಿನ್ ಪಟ್ಟಿ ಅಂಟಿಸಿಕೊಂಡು ನೋಡಿದೆ, ಗಮ್ಮು ಅಗಿದು ನೋಡಿದೆ. ಪಟ್ಟಿಯ ಮೇಲೂ ಸಿಗರೇಟು ಸೇದಿದೆ. ಸಿಗರೇಟು ಬಿಡಿಸುವ ನರ್ಸ್ ಒಬ್ಬಳಿದ್ದಾಳೆ, ಪ್ರಿಯಾ ಅಂತ. ಉಸಿರಿನಲ್ಲಿರುವ ಹೊಗೆಯ ವಿಷ ಅಳೆಯುವ ಒಂದು ಯಂತ್ರಕ್ಕೆ ಅವಳು ನನ್ನಿಂದ ಊದಿಸಿದಳು. ಇಪ್ಪತ್ತೇಳು ಬಂತು. "ಬೆರಿಲ್ ಆಂಟಿ, ಇದು ಹೊಗೆಕೊಳವೆಯ ಲೆಕ್ಕ" ಎಂದು ನಕ್ಕಳು. ಇ-ಸಿಗರೇಟೂ ಪೂರ್ತಿ ನಿರಪಾಯ ಅಂತ ಯಾರೂ ಹೇಳಲಾರರು, ಆದರೆ ನಿಮ್ಮ ಕಾಲು ತಿನ್ನುತ್ತಿರುವುದು ಸಿಗರೇಟು, ಎಂದು ಚೀಟಿಯಲ್ಲಿ ಮಾರುಕಟ್ಟೆಯ ಒಂದು ಮಳಿಗೆಯ ನಂಬರು ಬರೆದುಕೊಟ್ಟಳು. ಅಲ್ಲಿ ನಿಂತಿರುವ ಮನುಷ್ಯ ಯಾರೆಂದು ಪಾಪ ಅವಳಿಗೇನು ಗೊತ್ತು?

ನನಗೆ ಗೊತ್ತಿತ್ತು. ನೀನು ಅಲ್ಲಿ ಮಳಿಗೆ ಹಾಕಿದಾಗಿನಿಂದ ನಾನು ಮಾರುಕಟ್ಟೆಯ ಆ ಬಾಗಿಲಿಂದ ಒಳಗೆ ಬಂದವಳೇ ಅಲ್ಲ. ಅವತ್ತು ಬಂದೆ. ಕುಂಟಿಕೊಂಡು ಬಂದೆ, ಎರಡು ಸಲ ನಿಂತು ಸುಧಾರಿಸಿಕೊಂಡೆ, ಅದನ್ನೂ ನೀನು ನೋಡಿದ್ದೀಯ. ಹನ್ನೊಂದು ವರ್ಷದ ಮೇಲೆ ನಿನ್ನ ಮೊದಲ ಮಾತು, "ಬನ್ನಿ ಮೇಡಂ, ಏನ್ ಕೊಡ್ಲಿ?" ಮೈಯೆಲ್ಲ ಉರಿದುಹೋಯಿತು. "ನನಗಲ್ಲ. ಪಕ್ಕದ್ಮನೆ ಮೇವಿಸ್‌ಗೆ" ಎಂದು ನನ್ನ ಬಾಯಿಂದ ಬಂದುಬಿಟ್ಟಿತು.

ನೀನು ಗಾಜಿನ ಪೆಟ್ಟಿಗೆಯನ್ನು ಬಟ್ಟೆಯಿಂದ ಒಂದು ಸುತ್ತು ಒರೆಸಿದೆ. "ದಿನಕ್ಕೆಷ್ಟು ಸೇದ್ತಾಳಂತೆ ಮೇವಿಸ್?"

"ಮೂವತ್ತು."

"ಅಬ್ಬಬ್ಬಾ! ಎದ್ದ ತಕ್ಷಣ ಬೇಕಾ?"

"ಕಣ್ ಬಿಡೋಕ್ ಮುಂಚೆ."

"ಹಾಗಾದ್ರೆ ಮೇವಿಸ್‌ಗೆ ಹೇಳಮ್ಮ. ಶುರುವಿಗೆ ನಿಕೋಟಿನ್ ಸ್ವಲ್ಪ ಗಟ್ಟಿಯಾಗೇ ಇರ್ಬೇಕು, ಇಲ್ದಿದ್ರೆ ಮಧ್ಯಾಹ್ನಕ್ಕೇ ಸಿಗರೇಟಂಗಡಿಗೆ ಓಡ್ತಾಳೆ. ಆದ್ರೆ ವೋಲ್ಟೇಜು ಮಾತ್ರ ಕೆಳಗಿಂದ. ಈ ತಿರುಗಣೆ ನೋಡು, ಮೂರು ಚಿಲ್ರೆಯಿಂದ ಶುರು. ಒಂದೊಂದೇ ಗೀಟು ಏರಿಸ್ಬೇಕು. ಸುಟ್ಟ ರುಚಿ ಬಂತಾ, ವಾಪಸ್ ಒಂದು ಗೀಟು. ಹೊಸದಾಗಿ ದ್ರವ ತುಂಬಿದ್ ಮೇಲೆ ಹತ್ತು ನಿಮಿಷ ಮುಟ್ಟಬಾರ್ದು, ಒಳಗಿನ ಬತ್ತಿ ನೆನೀಬೇಕು. ಕೈಗೆ ಬಿದ್ರೆ ತೊಳ್ಕೋಬೇಕು. ಬೆಕ್ಕಿಗೆ ಸಿಗದ ಕಡೆ ಇಡ್ಬೇಕು. ಮೇವಿಸ್ ಹತ್ರ ಬೆಕ್ಕಿದ್ಯಾ?"

"ಇದೆ" ಎಂದೆ ನಾನು. ಬೆಕ್ಕು ನನ್ನದು.

ನೀನು ಹೇಳಿದ್ದನ್ನು ನಾನು ಕೇಳಲಿಲ್ಲ. ಅದು ಎರಡನೆಯ ತಪ್ಪೊಪ್ಪಿಗೆ. ನೀನು ಕೊಟ್ಟ ಸಣ್ಣ ಕಡ್ಡಿಯಂಥದ್ದು ಎರಡು ವಾರಕ್ಕೇ ಸಪ್ಪೆ ಎನಿಸಿತು. ಚಹಾದಂತೆ ಇದೂ ಎಷ್ಟು ಕುದಿಸಿದರೆ ಅಷ್ಟು ಕಡಕ್ಕು ಎಂದುಕೊಂಡೆ. ಕ್ರಿಸ್‌ಮಸ್ಸಿಗೆ ಹತ್ತು ದಿನ ಇರುವಾಗ, ಹೆಸರಿಲ್ಲದ ಇನ್ನೊಂದು ಅಂಗಡಿಯಿಂದ ಕಬ್ಬಿಣದ ದೊಡ್ಡ ಕೊಳವೆಯಂಥ ಇ-ಸಿಗರೇಟು ತಂದೆ. ಒಂದರ ಮೇಲೊಂದು ಎರಡು ಬ್ಯಾಟರಿ, ಆರು ವೋಲ್ಟಿಗೂ ಮೇಲೆ. ಏರಿಸುವ ಇಳಿಸುವ ತಿರುಗಣೆ ಇಲ್ಲ. ಗುಂಡಿ ಒತ್ತಿದಷ್ಟು ಹೊತ್ತೂ ಉರಿಯುತ್ತಲೇ ಇರುವಂಥದ್ದು.

ಮೀನು ಸೀಳುವ ನಮ್ಮ ಶೆಡ್ಡಿನ ಹೆಂಗಸರು ಹೇಗೆ ಸೇದುತ್ತಿದ್ದೆವೆಂದು ನಿನಗೆ ಗೊತ್ತು. ಕೈತುಂಬ ಮೀನಿನ ಲೋಳೆ. ಒಣಗಿದ ಕೈಯವಳು ಯಾರೋ ಒಬ್ಬಳು ಸಿಗರೇಟು ಹಚ್ಚಿ ಒಬ್ಬೊಬ್ಬರ ತುಟಿಗೆ ಸಿಕ್ಕಿಸುತ್ತ ಹೋಗುತ್ತಿದ್ದಳು. ಆಮೇಲೆ ಅದನ್ನು ಕೈಯಲ್ಲಿ ಮುಟ್ಟುವ ಮಾತಿಲ್ಲ. ತುಟಿಯ ಮೂಲೆಯಲ್ಲೇ ಇಟ್ಟುಕೊಂಡು ಮೂರು ದಮ್ಮು ಜಗ್ಗಿ ಎಳೆದು ಉಗುಳುವುದು. ನನಗೆ ಬೇರೆ ರೀತಿ ಸೇದಿ ಗೊತ್ತೇ ಇಲ್ಲ. ಈ ಯಂತ್ರಕ್ಕೆ ಗುಂಡಿ ಒತ್ತಿ ಹಿಡಿಯಲು ಒಂದು ಕೈ ಬೇಕು. ಅವತ್ತು ಮನೆಯ ಅಡುಗೆಕೋಣೆಯಲ್ಲಿ ನನ್ನ ಎರಡೂ ಕೈ ಹ್ಯಾಡಕ್ ಮೀನಿನಲ್ಲಿದ್ದವು. ಹಾಗಾಗಿ ಶೆಡ್ಡಿನಲ್ಲಿ ತೋಳಿಗೆ ತೊಟ್ಟ ಪ್ಲಾಸ್ಟಿಕ್ಕು ಜಾರದಂತೆ ಹಾಕುತ್ತಿದ್ದೆವಲ್ಲ, ಆ ದಪ್ಪ ರಬ್ಬರ್ ಬ್ಯಾಂಡು, ಅದನ್ನು ಗುಂಡಿಯ ಮೇಲೆ ಸುತ್ತಿ ತುಟಿಗೆ ಸಿಕ್ಕಿಸಿಕೊಂಡೆ. ನನ್ನ ಬುದ್ಧಿವಂತಿಕೆಗೆ ನಾನೇ ಮೆಚ್ಚಿಕೊಂಡೆ.

ಒಂದು ಮೀನು ಸೀಳಿ ಮುಗಿಯಲಿಲ್ಲ. ಬಾಯಿತುಂಬ ಸುಟ್ಟ ಹತ್ತಿಯ ಘಾಟು, ತುಟಿಗೆ ಬರೆ. ಕೊಳವೆ ಕೈಯಲ್ಲಿ ಹಿಡಿಯಲಾಗದಷ್ಟು ಕಾದಿತ್ತು. ಹಿತ್ತಿಲಿಗೆ ಎಸೆದೆ. ಕಲ್ಲುಹಾಸಿನ ಮೇಲೆ ಬಿದ್ದು ಬುಸ್ಸೆಂದು ಹೊಗೆ ಕಾರಿ ಕಪ್ಪಾಯಿತು. ಇನ್ನೊಂದು ನಿಮಿಷ ತುಟಿಯಲ್ಲೇ ಇದ್ದಿದ್ದರೆ ಎಂದು ಇವತ್ತಿಗೂ ನೆನೆಯುತ್ತೇನೆ. ಆಮೇಲೆ ಏನು ಮಾಡಿದೆ ಗೊತ್ತೇ? ಕೋಟು ಹಾಕಿಕೊಂಡು ಹೋಗಿ ಒಂದು ಪ್ಯಾಕು ಸಿಗರೇಟು ತಂದೆ. ಕ್ರಿಸ್‌ಮಸ್ಸೆಲ್ಲ ಸೇದಿದೆ, ಹೊಸ ವರ್ಷಕ್ಕೂ ಸೇದಿದೆ. ಪ್ರಿಯಾಳಿಗೆ ನಿಜ ಹೇಳಿದಾಗ ಅವಳು ಬೈಯಲಿಲ್ಲ. ಮೂರು ತಿಂಗಳ ಎಣಿಕೆಯನ್ನು ಹೊಸದಾಗಿ ಶುರು ಮಾಡಿದಳು, ಅಷ್ಟೆ. ಆದರೆ ಆ ಹೊತ್ತಿಗೆ ಕಿರುಬೆರಳು ನೀಲಿಯಾಗಿತ್ತು. ಇನ್ನೊಂದು ಸಲ ತಪ್ಪಿದರೆ ಕಾಯಲು ಕಾಲೇ ಇರುವುದಿಲ್ಲವೆಂದು ನನಗೆ ಅರ್ಥವಾಯಿತು.

ಜನವರಿ ಹನ್ನೆರಡರ ಶನಿವಾರ ಮತ್ತೆ ನಿನ್ನ ಮುಂದೆ ನಿಂತೆ. "ಮೇವಿಸ್ ತುಟಿ ಸುಟ್ಕೊಂಡಿದ್ದಾಳೆ" ಎಂದೆ. ನನ್ನ ಕೆಳತುಟಿಯ ಮೇಲೆ ಗಾಯದ ಕಪ್ಪು ಕಲೆ ಇನ್ನೂ ಎದ್ದು ಕಾಣುತ್ತಿತ್ತು. ನೀನು ಅದನ್ನೇ ನೋಡುತ್ತ ರಬ್ಬರ್ ಬ್ಯಾಂಡಿನ ಕಥೆಯನ್ನೆಲ್ಲ ಕೇಳಿಸಿಕೊಂಡೆ. ಆಮೇಲೆ ಶುರು ಮಾಡಿದೆ ನೋಡು!

"ತಲೆ ಇದ್ಯಾ ಆ ಮೇವಿಸ್‌ಗೆ? ಕರೆಂಟನ್ನ ರಬ್ಬರ್ ಹಾಕಿ ಕಟ್ಟಿ ಬಾಯಲ್ಲಿಟ್ಕೋತಾರಾ ಯಾರಾದ್ರೂ? ಮುಖ ಹೋಗಿದ್ರೆ? ಕಣ್ಣು ಹೋಗಿದ್ರೆ? ಹೇಳು ಅವಳಿಗೆ, ಕತ್ತೆ ಅವಳು, ಕತ್ತೆ ಅಂತ ನಾನೇ ಹೇಳ್ದೆ ಅಂತ ಹೇಳು!"

ಮೀನಿನಂಗಡಿಯವರೆಲ್ಲ ತಿರುಗಿ ನೋಡಿದರು. ನಾನು ಬೈಸಿಕೊಂಡು ಸುಮ್ಮನೆ ನಿಂತದ್ದು ನಮ್ಮ ಮದುವೆಯಾದ ಮೇಲೆ ಅದೇ ಮೊದಲು.

ಆಮೇಲೆ ನೀನು ಸ್ಟೂಲು ಎಳೆದು ನನ್ನನ್ನು ಕೂರಿಸಿದೆ. ಹತ್ತು ಸೆಕೆಂಡಿಗೆ ತಾನೇ ಆರಿಹೋಗುವ ಹೊಸದೊಂದನ್ನು ಕೈಗಿಟ್ಟೆ. "ಮೇವಿಸ್ ಸಿಗರೇಟ್ ಎಳ್ದಂಗೆ ಜಗ್ಗಿ ಎಳೀತಾಳೆ, ಅಲ್ವಾ? ಅದಕ್ಕೇ ಅವಳಿಗೆ ಎಷ್ಟು ವೋಲ್ಟೇಜೂ ಸಾಲ್ದು. ನಿಧಾನಕ್ಕೆ ಎಳೀಬೇಕು, ಬಿಸಿ ಚಹಾ ಹೀರ್ದಂಗೆ. ನಾನು ಎಣಿಸ್ತೀನಿ, ನೀನು ನೋಡ್ಕೊಂಡ್ ಹೋಗಿ ಅವಳಿಗೆ ಕಲಿಸು" ಎಂದೆ. ಗಾಜಿನ ಮೇಲೆ ಬೆರಳಿಂದ ಕುಟ್ಟಿ ಎಣಿಸಿದೆ. ಒಂದು, ಎರಡು, ಮೂರು, ನಾಲ್ಕು. ಎಳೆದಾದ ಮೇಲೆ ಅದನ್ನು ಮೇಜಿನ ಮೇಲಿಟ್ಟು ಅರ್ಧ ನಿಮಿಷ ಬಿಡಬೇಕು, ಬತ್ತಿಗೂ ಉಸಿರು ಬೇಕು ಎಂದೆ. ಎಷ್ಟೋ ಸಲ ಕೆಮ್ಮಿದ ಮೇಲೆ ಗಂಟಲಲ್ಲಿ ಸಿಗರೇಟಿನ ಅದೇ ಹಳೆಯ ಪೆಟ್ಟು ಸಿಕ್ಕಿತು. ತಿರುಗಣೆ ನೋಡಿದರೆ ಮೂರೂವರೆ ವೋಲ್ಟು ಮಾತ್ರ. ನನಗೆ ಅಳು ಬಂತು. ಹೊಗೆ ಕಣ್ಣಿಗೆ ಹೋಯಿತೆಂದು ಹೇಳಿದೆ. "ಇದು ಹೊಗೆಯಲ್ಲಮ್ಮ, ಆವಿ" ಎಂದು ನೀನು ತಿದ್ದಿದೆ, ಹಾಳಾದವನೆ.

ಹೊರಡುವಾಗ ನನ್ನ ಕೋಟಿನ ಜೇಬಿಗೆ ಕೈ ಹಾಕಿ, ಬೀಗದ ಕೈ, ಚಿಲ್ಲರೆ, ಬಿಡಿ ಬ್ಯಾಟರಿ ಎಲ್ಲವನ್ನೂ ಹೊರಗೆ ಸುರಿದೆ. "ಮೇವಿಸ್ ಹೀಗೆಲ್ಲ ಒಟ್ಟಿಗೆ ಇಟ್ಕೊಂಡು ಓಡಾಡಿದ್ರೆ ಒಂದಿನ ಜೇಬಿಗೇ ಬೆಂಕಿ ಹತ್ತುತ್ತೆ" ಎಂದು ಬ್ಯಾಟರಿಗೆ ಪ್ಲಾಸ್ಟಿಕ್ ಡಬ್ಬಿ ಕೊಟ್ಟೆ. ಅದರದ್ದೇ ಚಾರ್ಜರು ಬಳಸಬೇಕು, ಹಾಕಿ ಮಲಗಬಾರದು, ಮನೆ ಬಿಟ್ಟು ಹೋಗಬಾರದು ಎಂದು ಮೂರು ಸಲ ಹೇಳಿಸಿದೆ. ಆ ಡಬ್ಬಿಯ ಮೇಲೆ ನೀನು ಪೆನ್ನಿನಿಂದ ಸಣ್ಣಗೆ "ಮೇ" ಎಂದು ಬರೆದಿದ್ದನ್ನು ಮನೆಗೆ ಬಂದ ಮೇಲೆ ನೋಡಿದೆ.

ಅಲ್ಲಿಂದ ಪ್ರತಿ ಶನಿವಾರ ಬಂದೆ. ಮೇವಿಸ್ ಬೆಳಿಗ್ಗೆಯ ಮೊದಲ ಗಂಟೆ ಗೆದ್ದಳು, ಮೇವಿಸ್ ಬಿಂಗೋ ಆಟದ ಬಿಡುವಿನಲ್ಲಿ ಹೊರಗೆ ಹೋಗಲಿಲ್ಲ, ಮೇವಿಸ್‌ಗೆ ಈಗ ಹ್ಯಾಡಕ್ಕಿನ ರುಚಿ ಗೊತ್ತಾಗುತ್ತಿದೆ ಎಂದು ವರದಿ ಒಪ್ಪಿಸಿದೆ. ನೀನು ತಿಂಗಳಿಗೊಮ್ಮೆ ನಿಕೋಟಿನ್ ಇಳಿಸುತ್ತ ಬಂದೆ. ಏಪ್ರಿಲ್ ಹನ್ನೆರಡಕ್ಕೆ ಪ್ರಿಯಾಳ ಯಂತ್ರಕ್ಕೆ ಊದಿದರೆ ಎರಡು ಬಂತು. ಯಂತ್ರ ಕೆಟ್ಟಿದೆಯೇನೋ ಎಂದು ಅವಳೇ ಒಮ್ಮೆ ಊದಿ ನೋಡಿಕೊಂಡಳು. ಆಪರೇಷನ್ನಿನ ಮರುದಿನ ವಾರ್ಡಿಗೆ ಒಂದು ಕಾರ್ಡು ಬಂತು, "ಬೆರಿಲ್ ಅವರ ಮೂಲಕ ಮೇವಿಸ್‌ಗೆ" ಎಂದು. ನರ್ಸುಗಳು ಎಲ್ಲ ಹಾಸಿಗೆಗಳನ್ನೂ ಹುಡುಕಿದರು.

ಈಗ ಮೂರನೆಯದು, ಬರೆಯಲು ಎಲ್ಲಕ್ಕಿಂತ ಕಷ್ಟವಾದದ್ದು. ನೀನು ಸಿಗರೇಟು ಬಿಟ್ಟ ವರ್ಷ ನನ್ನಿಂದಲೂ ಬಿಡಿಸಬೇಕೆಂದು ಹಿಂದೆ ಬಿದ್ದು, ಕೊನೆಗೆ ನನ್ನ ಹತ್ತು ಪ್ಯಾಕುಗಳನ್ನು ಬಕೆಟ್ಟಿನಲ್ಲಿ ನೆನೆಸಿದೆ. ನಾನು ನಿನ್ನ ಸೂಟ್‌ಕೇಸು ಬೀದಿಗಿಟ್ಟೆ. ನಡೆದದ್ದು ಅಷ್ಟೇ. ಆದರೆ ಶೆಡ್ಡಿನಲ್ಲಿ ಕೇಳಿದವರಿಗೆ, ಐಸ್ ಕಾರ್ಖಾನೆಯ ಒಬ್ಬಳ ಜೊತೆ ಹೋದ ಎಂದುಬಿಟ್ಟೆ. ಸಿಗರೇಟಿಗಾಗಿ ಗಂಡನನ್ನು ಹೊರಗೆ ಹಾಕಿದೆ ಎಂದು ಹೇಳಿಕೊಳ್ಳಲು ನಾಚಿಕೆಯಾಯಿತು. ಊರೆಲ್ಲ ಅದನ್ನೇ ನಂಬಿತು. ನೀನು ಒಮ್ಮೆಯೂ ಅಲ್ಲಗಳೆಯಲಿಲ್ಲ. ಅದಕ್ಕೆ ಕ್ಷಮೆ ಕೇಳುತ್ತೇನೆ. ನಿನ್ನೆ ನೋಡಲು ಬಂದ ನಮ್ಮ ಶೆಡ್ಡಿನ ಗ್ಲೆನಿಸ್‌ಗೆ ನಿಜ ಹೇಳಿದ್ದೇನೆ. ಅವಳ ಬಾಯಿ ನಿನಗೆ ಗೊತ್ತಲ್ಲ, ಗುರುವಾರದೊಳಗೆ ಇಡೀ ಬಂದರಿಗೆ ಗೊತ್ತಾಗುತ್ತದೆ.

ನಿನ್ನ ಋಣ ದೊಡ್ಡದು ಕ್ಲಿಫ್. ಹೇಗೆ ಹೇಳಬೇಕೋ ತಿಳಿಯದೆ ಇಷ್ಟೆಲ್ಲ ಬರೆದೆ.

ನಿನ್ನ,
ಬೆರಿಲ್

ತಾ.ಕ. ಮೇವಿಸ್ ವಿಷಯ ನಿನಗೆ ಹೊಸದಾಗಿ ಹೇಳುತ್ತಿರುವಂತೆ ಮೇಲೆ ಬರೆದಿದ್ದೇನೆ. ಅದೂ ಸುಳ್ಳೇ. ಮೊದಲ ದಿನ ಬಸ್ಸಿನಲ್ಲಿ ಮನೆಗೆ ಬರುವಾಗಲೇ ನನಗೆ ನೆನಪಾಯಿತು: ಮೇವಿಸ್ ತೀರಿಕೊಂಡು ಆಗಲೇ ಮೂರು ವರ್ಷವಾಗಿತ್ತು, ಅವಳ ಶವಪೆಟ್ಟಿಗೆಗೆ ಹೆಗಲು ಕೊಟ್ಟ ಆರು ಜನರಲ್ಲಿ ನೀನೂ ಒಬ್ಬ. ನಾನು ಹಿಂದಿನ ಸಾಲಿನಿಂದ ನೋಡಿದ್ದೆ. ಅವತ್ತು ಮಳಿಗೆಯಲ್ಲಿ ನೀನು ಮೇವಿಸ್ ಸತ್ತಿದ್ದಾಳಲ್ಲ ಎಂಬ ಒಂದು ಮಾತು ಆಡಿದ್ದರೆ ನಾನು ಅಲ್ಲಿಂದಲೇ ತಿರುಗಿ ಹೋಗುತ್ತಿದ್ದೆ, ಮತ್ತೆ ಬರುತ್ತಿರಲಿಲ್ಲ, ಇವತ್ತು ಈ ಕಾಲು ಇರುತ್ತಿರಲಿಲ್ಲ. ನೀನು ಜನವರಿಯಿಂದ ಪ್ರತಿ ಶನಿವಾರ ತಪ್ಪದೆ "ಮೇವಿಸ್ ಹೆಂಗಿದಾಳೆ?" ಎಂದು ಕೇಳಿದೆ. ಬರುವ ಭಾನುವಾರ ಒಂದು ಗಂಟೆಗೆ ಊಟಕ್ಕೆ ಬಾ. ಹ್ಯಾಡಕ್ ಮಾಡುತ್ತೇನೆ. ಎರಡೇ ತಟ್ಟೆ ಇಡುತ್ತೇನೆ, ಮೇವಿಸ್ ಬರುವುದಿಲ್ಲ.