ಕಿತ್ತುಕೊಂಡ ಒನಕೆ

ಮೇ ೧೪, ಗುರುವಾರ

ನಾನು ರೇವಮ್ಮ, ಮಾಗಡಿಯ ಈ ಮನೆತನದ ಹಿರಿಯ ಸೊಸೆ. ಅತ್ತೆ ತೀರಿಕೊಂಡ ಮೇಲೆ ಇಲ್ಲಿನ ಪ್ರತಿ ಮದುವೆಯಲ್ಲೂ ಅರಿಶಿನ ಕುಟ್ಟಲು ಮೊದಲು ಒನಕೆ ಹಿಡಿದವಳು ನಾನೇ.

ನಿನ್ನೆ ಓರಗಿತ್ತಿಯ ಮಗಳಿಗೆ ಅರಿಶಿನ ಕುಟ್ಟುವ ಶಾಸ್ತ್ರ. ನಾನು ಒನಕೆಗೆ ಕೈ ಹಾಕುತ್ತಲೇ ಓರಗಿತ್ತಿ ಅದನ್ನು ತನ್ನ ಕಡೆಗೆ ಎಳೆದುಕೊಂಡಳು. “ನೀವು ಕೂತ್ಕಳಿ ಅಕ್ಕ. ಎದೇಲಿ ಅಂಥಾ ಗಂಟು ಇಟ್ಕಂಡು ಶುಭಕಾರ್ಯಕ್ಕೆ ಯಾಕೆ?”

ಸುತ್ತಲಿದ್ದ ಹೆಂಗಸರೆಲ್ಲ ಅಯ್ಯೋ ಎಂದರು. ಅವರ ಕನಿಕರ ನೆನೆದರೆ ಈಗಲೂ ಮೈಮೇಲೆ ಹುಳ ಹರಿದಂತಾಗುತ್ತದೆ.

ಗಂಟಿನ ವಿಷಯ ನನ್ನ ಗಂಡನಿಗೂ ಗೊತ್ತಿರಲಿಲ್ಲ. ಗೊತ್ತಿದ್ದವನು ಪರೀಕ್ಷೆ ಮಾಡಿದ ಡಾಕ್ಟರ್ ಪ್ರಭುಲಿಂಗ ಒಬ್ಬನೇ. ಅವನು ಓರಗಿತ್ತಿಯ ಮಗ.

ನರ್ಸಿಂಗ್ ಓದುವ ಮೊಮ್ಮಗಳು ಸೌಮ್ಯಶ್ರೀ ಪಕ್ಕದಲ್ಲೇ ಇದ್ದಳು. “ರೋಗಿ ಒಪ್ಪಿಗೆ ಇಲ್ದೆ ಡಾಕ್ಟ್ರು ತನ್ನ ಹೆತ್ತವ್ವಂಗೂ ಹೇಳಂಗಿಲ್ಲ ಕಣಜ್ಜಿ. ಗೋಪ್ಯತೆ ಅಂತಾರೆ, ನಮಗೆ ಮೊದ್ಲನೇ ವರ್ಷದ ಪಾಠ” ಎಂದಳು. ಅದನ್ನು ಮುರಿದವರ ಮೇಲೆ ವೈದ್ಯ ಪರಿಷತ್ತಿಗೆ ದೂರು ಕೊಡಬಹುದಂತೆ. ಕೊಟ್ಟೇ ಕೊಡುತ್ತೇನೆ ಎಂದು ಎಲ್ಲರ ಮುಂದೆ ಹೇಳಿ ಎದ್ದು ಬಂದೆ.

ಇವತ್ತು ಸಂಜೆ ಪ್ರಭುಲಿಂಗನೇ ಬಂದ. “ಅವ್ವನ ತಾವ ಬಾಯ್ತಪ್ಪಿ ಅಂದ್ಬುಟ್ಟೆ ದೊಡ್ಡವ್ವ. ದೂರು ಗೀರು ಬ್ಯಾಡ. ಮನೆ ವಿಷ್ಯ, ಮನೇಲೇ ಇರ್ಲಿ.”

“ನನ್ನ ಗಂಟು ಯಾರ ಮನೆ ವಿಷ್ಯ ಆಗಿತ್ತಪ್ಪ?”

ಕಾಫಿ ಕೊಟ್ಟೆ, ಅವನಿಗೆ ಬೇಕಾದಷ್ಟು ಸಕ್ಕರೆ ಹಾಕಿಯೇ ಕೊಟ್ಟೆ. ನಾನು ಕರಗಿದೆ ಎಂದುಕೊಂಡು ನೆಮ್ಮದಿಯಿಂದ ಕುಡಿದು ಹೋದ. ದೂರನ್ನು ಬೆಳಿಗ್ಗೆಯೇ ರಿಜಿಸ್ಟರ್ಡ್ ಪೋಸ್ಟಿನಲ್ಲಿ ಕಳಿಸಿದ್ದೇನೆಂದು ಹೇಳಲಿಲ್ಲ. ಗುಟ್ಟು ಕಾಯುವುದು ನನಗೆ ಬರುತ್ತದೆ.